ಕಾರ್ತಿಕದ ಗುಡ್ಡದಲ್ಲಿ ಬಿಡಾರ ಎಲ್ಲಿ?

ಶೀಗಿ ಹುಣ್ಣಿಮೆಯ ಚರಗ ಮುಗಿದು, ದೀಪಾವಳಿಯ ಹಣತೆಗಳು ಆರಿ, ಕಾರ್ತಿಕ ಮಾಸವು ಕೊನೆಗೆ ಬರುವ ಹೊತ್ತಿಗೆ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು ಬೇರೆಯೇ ಒಂದು ರೂಪವನ್ನು ತಾಳುತ್ತದೆ. ಮುಂಗಾರಿನ ಮೋಡಗಳು ಹಿಂದೆ ಸರಿದಿರುತ್ತವೆ. ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳವು ಎದ್ದು ನಿಂತು, ಕಡಲೆಯ ಗಿಡಗಳು ಕರಿಯ ನೆಲವನ್ನು ಮುಚ್ಚತೊಡಗಿರುತ್ತವೆ. ಗುಡ್ಡಗಳ ಮೇಲಿನ ಹುಲ್ಲು ಹಸುರನ್ನು ಕಳೆದುಕೊಂಡು ಹೊಂಬಣ್ಣಕ್ಕೆ ತಿರುಗಿರುತ್ತದೆ. ಹಗಲಿನ ಬಿಸಿಲು ಸಹ್ಯ. ಇರುಳಿನ ಚಳಿ ಹಿತ. ಶರದೃತುವು ಹೇಮಂತಕ್ಕೆ ದಾರಿ ಬಿಡುವ ಈ ಕೆಲವು ವಾರಗಳಲ್ಲಿ ಗುಡ್ಡದ ಮೇಲೆ ಒಂದು ರಾತ್ರಿ ಕಳೆಯಬೇಕೆಂಬ ಆಸೆ ಯಾರಿಗಾದರೂ ಹುಟ್ಟಿದರೆ ಆಶ್ಚರ್ಯವಿಲ್ಲ.

ಪೇಟೆಯಲ್ಲಿ ಈಗ ಒಬ್ಬರೇ ಹೆಗಲ ಮೇಲೆ ಹೊರಬಹುದಾದ ಹಗುರ ಡೇರೆಗಳು ದೊರೆಯುತ್ತವೆ. ಹುಬ್ಬಳ್ಳಿಯಿಂದಲೋ ಗದಗಿನಿಂದಲೋ ಹೊರಟವರು ಎರಡು-ಮೂರು ತಾಸುಗಳೊಳಗೆ ಗಜೇಂದ್ರಗಡದ ಗುಡ್ಡದ ಬುಡವನ್ನು ಮುಟ್ಟಬಹುದು. ಆದರೆ ಗುಡ್ಡವು ಎಲ್ಲರ ಕಣ್ಣಿಗೂ ಬಿದ್ದಷ್ಟು ಸುಲಭವಾಗಿ ಬಿಡಾರದ ಜಾಗವು ಬೀಳುವುದಿಲ್ಲ. ಡೇರೆ ಹೂಡಲು ಆರು ಅಡಿ ಸಮನೆಲ ಸಾಕೆಂದು ಬಗೆದವರು ನಡುರಾತ್ರಿಯಲ್ಲಿ ಎದ್ದು ಕುಳಿತು ಪರಿತಪಿಸಬೇಕಾಗುತ್ತದೆ. ನೆಲವನ್ನು ಆರಿಸುವುದು ಒಂದು ವಿದ್ಯೆ. ಈ ಸೀಮೆಯಲ್ಲಂತೂ ಅದು ಬಹಳ ಹಳೆಯ ವಿದ್ಯೆ. ಸೈನ್ಯಗಳು ಅದನ್ನು ಕಲಿತಿದ್ದವು, ಯಾತ್ರಿಕರು ಅರಿತಿದ್ದರು, ಕುರಿಗಾರರು ಇಂದಿಗೂ ಬಲ್ಲರು.

ಮೊದಲು ನೀರು

ನರಗುಂದದ ಗುಡ್ಡವು ಬಯಲಿನ ನಡುವೆ ಒಮ್ಮೆಗೇ ತಲೆಯೆತ್ತಿ ನಿಂತಿದೆ. 1674ರಲ್ಲಿ ಶಿವಾಜಿಯ ಕಾಲಕ್ಕೆ ಕಟ್ಟಲ್ಪಟ್ಟಿತೆಂದು ಹೇಳುವ ಕೋಟೆಯ ಅವಶೇಷಗಳು ಅದರ ನೆತ್ತಿಯ ಮೇಲಿವೆ. 1785ರಲ್ಲಿ ಟೀಪೂ ಸುಲ್ತಾನನ ಸೈನ್ಯವು ಈ ಕೋಟೆಗೆ ಮುತ್ತಿಗೆ ಹಾಕಿತು. ಕೋಟೆಯೊಳಗಿನವರ ಗುಂಡುಗಳಿಗೆ ಅಂಜದ ಆ ದಂಡು ನೀರಿನ ಅಭಾವಕ್ಕೆ ಅಂಜಿ, ಒಮ್ಮೆ ಮುತ್ತಿಗೆಯನ್ನು ಸಡಿಲಿಸಿ ದೂರಕ್ಕೆ ಬಿಡಾರವನ್ನು ಸರಿಸಬೇಕಾಯಿತು. ಕೊನೆಗೆ ಅದೇ ವರ್ಷ ಕೋಟೆಯು ಕೈವಶವಾಯಿತೆಂಬುದು ಬೇರೆ ಮಾತು. ಆದರೆ ಸಾವಿರಾರು ಜನರ ಪಾಳೆಯವನ್ನು ಕದಲಿಸಿದ್ದು ಒಂದು ಕೊಡ ನೀರಿನ ಪ್ರಶ್ನೆ ಎಂಬುದನ್ನು ಗುಡ್ಡ ಹತ್ತುವವರು ಮರೆಯಬಾರದು.

ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟೆಯ ಕಾಲುವೆಗಳು 1970ರ ದಶಕದಿಂದೀಚೆಗೆ ಈ ಬಯಲಿನ ಚಹರೆಯನ್ನು ಬಹುಮಟ್ಟಿಗೆ ಬದಲಿಸಿವೆ. ಆದರೂ ಕಾಲುವೆಯ ನೀರು ಹೊಲಕ್ಕೆ ತಕ್ಕದ್ದೇ ಹೊರತು ಕುಡಿಯುವುದಕ್ಕಲ್ಲ. ಎರೆಯ ಸೀಮೆಯ ಅನೇಕ ಬಾವಿಗಳಲ್ಲಿ ನೀರು ಸವಳು. ನೋಟಕ್ಕೆ ತಿಳಿ, ನಾಲಗೆಗೆ ಉಪ್ಪು. ಆದಕಾರಣ ನರಗುಂದದ ಕಡೆಗೆ ಹೋಗುವವರು ತಲೆಗೆ ದಿನಕ್ಕೆ ನಾಲ್ಕು ಲೀಟರಿನಷ್ಟಾದರೂ ಕುಡಿಯುವ ನೀರನ್ನು ಊರಿನಿಂದಲೇ ಒಯ್ಯುವುದು ಲೇಸು. ಗುಡ್ಡದ ಮೇಲಿನ ಹಳೆಯ ಹೊಂಡಗಳಲ್ಲಿ ಮಳೆಯ ನೀರು ಉಳಿದಿದ್ದರೂ ಅದು ನಿಂತ ನೀರು. ದನಕರುಗಳು ಇಳಿದ ನೀರು.

ಗಜೇಂದ್ರಗಡದ ಮಾತು ಬೇರೆ. ಅಲ್ಲಿಯ ಗುಡ್ಡಗಳು ಬಾದಾಮಿಯ ಕಡೆಯ ಮರಳುಗಲ್ಲಿನ ಬಂಧುಗಳು. ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದ ಮಳೆಯ ನೀರು ಕೆಳಗಿನ ಗಟ್ಟಿ ಪದರವನ್ನು ತಾಕಿ, ಮುಂದೆ ದಾರಿ ಕಾಣದೆ ಪಕ್ಕಕ್ಕೆ ಹರಿದು, ಎಲ್ಲಿಯೋ ಒಂದೆಡೆ ಬುಗ್ಗೆಯಾಗಿ ಹೊರಬೀಳುತ್ತದೆ. ಗುಡ್ಡದ ಮಡಿಲಿನಲ್ಲಿರುವ ಕಾಲಕಾಲೇಶ್ವರನ ಸನ್ನಿಧಿಯ ಅಂತರಗಂಗೆಯು ಇಂಥ ಜಲ. ಬೇಸಗೆಯಲ್ಲಿಯೂ ಬತ್ತದ ಈ ಧಾರೆಯಿಂದಾಗಿಯೇ ತಲೆತಲಾಂತರದಿಂದ ಯಾತ್ರಿಕರು ಇಲ್ಲಿ ಇಳಿದುಕೊಳ್ಳುತ್ತ ಬಂದಿದ್ದಾರೆ. ಭಕ್ತರು ಈ ಕ್ಷೇತ್ರವನ್ನು ದಕ್ಷಿಣ ಕಾಶಿಯೆಂದು ಕರೆಯುವರು. ಮಕ್ಕಳು, ಮುದುಕರು ಜೊತೆಗಿರುವ ಕುಟುಂಬಗಳಿಗೆ ದೇವಸ್ಥಾನದವರನ್ನು ಕೇಳಿ ಸಮೀಪದಲ್ಲಿ ತಂಗುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಆದರೆ ಬುಗ್ಗೆಯ ನೆತ್ತಿಯ ಮೇಲೆ ಬಿಡಾರ ಹೂಡುವುದು ಮಹಾಪರಾಧ. ಮೇಲೆ ಚೆಲ್ಲಿದ ಸೋಪಿನ ನೀರು, ಮಾಡಿದ ಹೊಲಸು ಕಲ್ಲಿನ ಬಿರುಕುಗಳೊಳಗೆ ಇಳಿದು ಕೆಳಗೆ ಕೈಯೊಡ್ಡಿ ನಿಂತವನ ಬೊಗಸೆಯನ್ನು ಸೇರುತ್ತದೆ. ನೀರಿನ ನೆಲೆಯಿಂದ ನೂರು ಹೆಜ್ಜೆಗಳಾದರೂ ಆಚೆಗೆ, ಅದಕ್ಕಿಂತ ತಗ್ಗಿನಲ್ಲಿ ಇಳಿದುಕೊಳ್ಳುವುದೇ ಮರ್ಯಾದೆ.

ರೋಣ-ಗಜೇಂದ್ರಗಡಗಳ ನಡುವಿನ ಸೂಡಿಯಲ್ಲಿಯೂ ಈ ಜಲವಿವೇಕದ ಸಾಕ್ಷಿಯುಂಟು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಕ್ಕಾದೇವಿಯ ಆಳ್ವಿಕೆಗೆ ಒಳಪಟ್ಟಿದ್ದ ಈ ಊರಿನ ನಾಗಕುಂಡವೆಂಬ ಮೆಟ್ಟಿಲುಬಾವಿಯ ಕೆಲಸವನ್ನು ನೋಡಿದವರು, ಬಯಲುಸೀಮೆಯ ಪೂರ್ವಿಕರು ನೀರನ್ನು ಎಷ್ಟು ಗೌರವದಿಂದ ಕಂಡಿದ್ದರೆಂಬುದನ್ನು ಬಲ್ಲರು. ಹಗಲಿನಲ್ಲಿ ಇದನ್ನು ನೋಡಿಕೊಂಡು ಸಂಜೆಗೆ ಗುಡ್ಡ ಸೇರುವಂತೆ ಪ್ರಯಾಣವನ್ನು ಹೊಂದಿಸಿಕೊಳ್ಳಬಹುದು. ಹಳೆಯ ಗುಡಿ-ಕೋಟೆಗಳ ಒಳಗೇ ಮಲಗುವ ಯೋಚನೆ ಮಾತ್ರ ಸಲ್ಲದು.

ನೆಲ ಮತ್ತು ಗಾಳಿ

ಎರೆಯ ಮಣ್ಣು ಬೆಳೆಗೆ ತಾಯಿ, ಬಿಡಾರಕ್ಕೆ ಮಲತಾಯಿ. ಒಣಗಿದಾಗ ಅದು ಬಾಯಿಬಿಟ್ಟು ಬಿರಿಯುತ್ತದೆ, ಗೂಟ ನಿಲ್ಲದು, ಬಿರುಕುಗಳಲ್ಲಿ ಚೇಳು-ಹಾವುಗಳು ಆಶ್ರಯ ಪಡೆಯುವುದುಂಟು. ನಾಲ್ಕು ಹನಿ ಬಿದ್ದರಂತೂ ಅಂಟಾಗಿ ಕಾಲನ್ನು ಹಿಡಿಯುತ್ತದೆ. ಮೋಟಾರಿನ ಗಾಲಿಗಳು ಹೂತುಹೋಗುತ್ತವೆ. ಕಾರ್ತಿಕದಲ್ಲಿ ಮಳೆ ಬರುವುದಿಲ್ಲವೆಂದು ಯಾರೂ ಭರವಸೆ ಕೊಡಲಾರರು. ಬಂಗಾಲ ಉಪಸಾಗರದಲ್ಲಿ ಎದ್ದ ಒಂದು ಬಿರುಗಾಳಿಯು ಇಲ್ಲಿಯೂ ಎರಡು-ಮೂರು ದಿನ ಮೋಡ ಕವಿಸಿ ಮಳೆ ಸುರಿಸುವುದುಂಟು. ಆದ್ದರಿಂದ ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನೋಡಿಕೊಳ್ಳಬೇಕು. ಎರೆಯನ್ನು ಬಿಟ್ಟು ಗರಸು ಕೂಡಿದ ಮಸಾರಿಯ ನೆಲವನ್ನು ಹುಡುಕಬೇಕು.

ಇನ್ನು ಎತ್ತರದ ವಿಚಾರ. ಗುಡ್ಡದ ತುತ್ತತುದಿಯ ನೋಟವು ಮನೋಹರವೇನೋ ನಿಜ. ಆದರೆ ಗಜೇಂದ್ರಗಡದ ಸುತ್ತಲಿನ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತ ಗಾಳಿಯಂತ್ರಗಳನ್ನು ಕಂಡವರಿಗೆ ಅಲ್ಲಿ ಎಂಥ ಗಾಳಿ ಬೀಸುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಯಂತ್ರಕ್ಕೆ ಒಳ್ಳೆಯದಾದ ಜಾಗವು ಡೇರೆಗೆ ಒಳ್ಳೆಯದಲ್ಲ. ಹಾಗೆಂದು ಕಣಿವೆಯ ತಳಕ್ಕೆ ಇಳಿಯುವುದೂ ಜಾಣತನವಲ್ಲ. ರಾತ್ರಿಯಲ್ಲಿ ತಣ್ಣಗಾದ ಗಾಳಿಯು ಭಾರವಾಗಿ, ನೀರಿನಂತೆಯೇ ತಗ್ಗಿಗೆ ಹರಿದು ಅಲ್ಲಿ ಮಡುಗಟ್ಟುತ್ತದೆ. ಬೆಳಗಿನ ಜಾವ ಹಳ್ಳದ ದಂಡೆಯಲ್ಲಿ ಮಲಗಿದವನ ಹಲ್ಲು ಕಟಕಟಿಸುವಾಗ, ನಾಲ್ಕು ಮಾರು ಮೇಲೆ ಮಲಗಿದವನು ಸುಖವಾಗಿ ನಿದ್ರಿಸುತ್ತಿರುತ್ತಾನೆ. ಮೇಲಾಗಿ ಒಣಗಿದ ಹಳ್ಳವು ದೂರದಲ್ಲೆಲ್ಲೋ ಸುರಿದ ಮಳೆಗೆ ರಾತ್ರೋರಾತ್ರಿ ತುಂಬಿ ಬರಬಹುದು.

ಹಾಗಾದರೆ ಎಲ್ಲಿ? ತುದಿಯೂ ಅಲ್ಲದ, ತಳವೂ ಅಲ್ಲದ ನಡುವಿನ ಹಂತದಲ್ಲಿ. ಈ ಋತುವಿನಲ್ಲಿ ಗಾಳಿಯು ಸಾಮಾನ್ಯವಾಗಿ ಮೂಡಣ ದಿಕ್ಕಿನಿಂದ ಬೀಸುವುದರಿಂದ ಬಂಡೆಯನ್ನೋ ದಿಬ್ಬವನ್ನೋ ಆ ಕಡೆಗೆ ಮರೆಯಾಗಿಟ್ಟುಕೊಂಡು, ಬಾಗಿಲನ್ನು ಅದಕ್ಕೆ ಬೆನ್ನಾಗಿಸಬೇಕು. ಆದರೆ ಕಡಿದಾದ ಬಂಡೆಯ ಕೆಳಗೆ ಒತ್ತಿ ಮಲಗಬಾರದು. ಮರಳುಗಲ್ಲು ಪದರು ಪದರಾಗಿ ಕಳಚುವ ಜಾತಿಯದು. ಬುಡದಲ್ಲಿ ಹೊಸ ಕಲ್ಲುಚೂರುಗಳು ಬಿದ್ದಿದ್ದರೆ ಅದೇ ಎಚ್ಚರಿಕೆಯ ಫಲಕ.

ಕುರಿಗಾರರ ಪಾಠ

ಈ ವಿಷಯದಲ್ಲಿ ಪುಸ್ತಕಗಳಿಗಿಂತ ಹೆಚ್ಚು ತಿಳಿದವರು ಉತ್ತರ ಕರ್ನಾಟಕದ ಅಲೆಮಾರಿ ಕುರಿಗಾರರು. ದೀಪಾವಳಿ ಕಳೆದ ಮೇಲೆ ಹೆಗಲ ಮೇಲೆ ಕಂಬಳಿ, ಕುದುರೆ-ಕತ್ತೆಗಳ ಮೇಲೆ ಸಂಸಾರದ ಸಾಮಾನು, ಮುಂದೆ ಹಿಂಡು, ಹಿಂದೆ ನಾಯಿಗಳು. ಹೀಗೆ ತಿಂಗಳುಗಟ್ಟಲೆ ಅವರು ತಿರುಗುವರು. ಅವರಿಗೆ ಬಿಡಾರವೆಂದರೆ ವಿನೋದವಲ್ಲ, ಜೀವನ. ನೂರಾರು ಕುರಿಗಳ ಕ್ಷೇಮವು ಆ ರಾತ್ರಿಯ ನೆಲದ ಮೇಲೆ ನಿಂತಿರುತ್ತದೆ. ಹಸಿನೆಲದಲ್ಲಿ ನಿಲ್ಲಿಸಿದರೆ ಗೊರಸು ಕೊಳೆಯುವ ಬೇನೆ. ಪೊದೆಯ ಮಗ್ಗುಲಲ್ಲಿ ನಿಲ್ಲಿಸಿದರೆ ತೋಳನ ಭಯ. ಆದುದರಿಂದ ನೀರು ಬಸಿದು ಹೋಗುವ, ಸುತ್ತಲೂ ಕಣ್ಣಾಡುವ ಬಯಲನ್ನು ಆರಿಸಿ, ಬಲೆ ಕಟ್ಟಿ, ನಾಲ್ಕೂ ಕಡೆ ಕಾವಲಿರುವರು.

ಅವರು ಯಾರ ನೆಲದಲ್ಲಿಯೂ ಕೇಳದೆ ಇಳಿಯುವುದಿಲ್ಲ. ಹಿಂಗಾರಿ ಪೈರು ನಿಂತಿರುವಾಗ ಎರೆಯ ಹೊಲಗಳ ಕಡೆಗೆ ಹಿಂಡು ಸುಳಿಯುವಂತಿಲ್ಲ. ಶೇಂಗಾ-ಉಳ್ಳಾಗಡ್ಡಿಗಳನ್ನು ಕಿತ್ತು ಬರಿದಾದ ಮಸಾರಿಯ ಹೊಲಗಳಲ್ಲಿ, ಗುಡ್ಡದ ಸೆರಗಿನಲ್ಲಿ ಇಳಿಯುವರು. ಹೊಲದ ಒಡೆಯನೂ ಅವರನ್ನು ಹಾದಿ ಕಾಯುತ್ತಿರುತ್ತಾನೆ; ಕಾಳನ್ನೋ ಹಣವನ್ನೋ ಕೊಟ್ಟು ಕುರಿಗಳನ್ನು ರಾತ್ರಿ ತನ್ನ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಹಿಂಡು ಬಿಟ್ಟುಹೋದ ಹಿಕ್ಕೆಯೇ ಮುಂದಿನ ಬೆಳೆಗೆ ಗೊಬ್ಬರ. ಬಂದವನಿಂದ ನೆಲಕ್ಕೆ ಲಾಭವಾಗುವ ಬಿಡಾರವೆಂದರೆ ಇದು! ಪಟ್ಟಣದ ಪ್ರವಾಸಿಗಳು ಲಾಭ ಮಾಡದಿದ್ದರೂ ಚಿಂತೆಯಿಲ್ಲ, ಅನುಮತಿ ಕೇಳುವ ಸೌಜನ್ಯವನ್ನಾದರೂ ಅವರಿಂದ ಕಲಿಯಬೇಕು. ಗುಡ್ಡದ ಒಂದು ಭಾಗ ಅರಣ್ಯ ಇಲಾಖೆಯದು, ಒಂದು ಭಾಗ ದೇವಸ್ಥಾನದ್ದು, ಮತ್ತೊಂದು ಯಾರದೋ ಪಟ್ಟಾ ಜಮೀನು ಆಗಿರಬಹುದು. ಊರೊಳಗೆ ಹತ್ತು ನಿಮಿಷ ನಿಂತು ವಿಚಾರಿಸಿದರೆ ಜಾಗದ ಒಡೆತನವೂ ತಿಳಿಯುತ್ತದೆ, ಚಿರತೆ-ಕರಡಿಗಳ ಸುದ್ದಿಯೂ ತಿಳಿಯುತ್ತದೆ. ತೋಳವು ಮನುಷ್ಯನನ್ನು ಕಂಡು ದೂರ ಸರಿಯುವ ಪ್ರಾಣಿ. ಅದಕ್ಕಿಂತ ಹಾವಿನ ಎಚ್ಚರಿಕೆಯೇ ಹೆಚ್ಚು ಬೇಕು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಗಾಯ ಕೊಯ್ಯುವುದು ಎರಡೂ ತಪ್ಪು. ಕಚ್ಚಿಸಿಕೊಂಡವರನ್ನು ಅಲುಗಾಡದಂತೆ ಇರಿಸಿ, ಪ್ರತಿವಿಷವಿರುವ ಆಸ್ಪತ್ರೆಗೆ ತಡಮಾಡದೆ ಸಾಗಿಸಬೇಕು. ಮೋಟಾರು ರಸ್ತೆಗೆ ಹತ್ತಿರದ ಜಾಗವನ್ನೇ ಆರಿಸಬೇಕೆಂಬುದಕ್ಕೆ ಇದೂ ಒಂದು ಕಾರಣ.

ಹೊತ್ತು ಮುಳುಗುವ ಮುನ್ನ

ನರಗುಂದದ ಚರಿತ್ರೆಯಲ್ಲಿ ಇನ್ನೊಂದು ಬಿಡಾರದ ಕಥೆಯುಂಟು. 1858ರ ಮೇ ತಿಂಗಳ ಕೊನೆಯಲ್ಲಿ ಬಾಬಾಸಾಹೇಬನು ಬ್ರಿಟಿಷರ ವಿರುದ್ಧ ಬಂಡೆದ್ದನು. ಅವನನ್ನು ಹತ್ತಿಕ್ಕಲು ಅವಸರದಿಂದ ಹೊರಟ ರಾಜಕೀಯ ಏಜೆಂಟ ಮ್ಯಾನ್ಸನ್ನನು ಕೆಲವೇ ಸವಾರರೊಡನೆ ಬಂದು, ಬಳಲಿ, ರಾಮದುರ್ಗದ ಬಳಿಯ ಸುರೇಬಾನದಲ್ಲಿ ರಾತ್ರಿ ತಂಗಿದನು. ಸುದ್ದಿ ತಿಳಿದ ಬಾಬಾಸಾಹೇಬನ ದಂಡು ಕತ್ತಲಲ್ಲಿ ಬಂದು ಮೇಲೆ ಬಿದ್ದಿತು. ಮ್ಯಾನ್ಸನ್ನನು ಅಲ್ಲಿಯೇ ಹತನಾದನು. ಕೆಲವೇ ದಿನಗಳಲ್ಲಿ ನರಗುಂದವು ಬ್ರಿಟಿಷರ ವಶವಾಗಿ, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ನಾಡು ಅವನನ್ನು ವೀರನೆಂದು ನೆನೆಯುತ್ತದೆ. ಇಂದಿನ ಪ್ರವಾಸಿಗಳಿಗೆ ಅಂಥ ಭಯವೇನೂ ಇಲ್ಲ. ಆದರೆ ಬಳಲಿದವನು ನೆಲವನ್ನು ಆರಿಸುವುದಿಲ್ಲ, ಬಿದ್ದಲ್ಲಿಯೇ ಮಲಗುತ್ತಾನೆ ಎಂಬ ಮಾತು ಎಲ್ಲ ಕಾಲಕ್ಕೂ ನಿಜ. ಈ ದಿನಗಳಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯನು ಮುಳುಗುವನು. ನಾಲ್ಕು ಗಂಟೆಗೆ ಜಾಗವು ಗೊತ್ತಾಗಿ, ಐದಕ್ಕೆ ಡೇರೆ ನಿಂತಿರಬೇಕು.

ಒಂದು ಕಿಡಿ

ಎಲ್ಲಕ್ಕಿಂತ ಮುಖ್ಯವಾದ ಮಾತೊಂದು ಉಳಿದಿದೆ. ಬಿಡಾರವೆಂದೊಡನೆ ಅನೇಕರ ಕಣ್ಣೆದುರು ಉರಿಯುವ ಬೆಂಕಿಯ ಸುತ್ತ ಕುಳಿತು ಹಾಡುವ ಚಿತ್ರವು ಬರುತ್ತದೆ. ಕಾರ್ತಿಕದ ಕೊನೆಯ ಗುಡ್ಡದಲ್ಲಿ ಆ ಚಿತ್ರವನ್ನು ಮರೆಯುವುದೇ ಮೇಲು. ಆಗ ಗುಡ್ಡದ ತುಂಬ ಒಣಗಿ ನಿಂತ ಕರಡವು ಪ್ರವಾಸಿಯ ಕಣ್ಣಿಗೆ ಬರಿಯ ಹುಲ್ಲು. ಗುಡ್ಡದ ಬುಡದ ರೈತನಿಗೆ, ಕುರಿಗಾರನಿಗೆ ಅದು ಬೇಸಗೆಯವರೆಗಿನ ಮೇವು. ಗಾಳಿಗೆ ಹಾರಿದ ಒಂದು ಕಿಡಿ ಸಾಕು, ಒಂದೇ ರಾತ್ರಿಯಲ್ಲಿ ಇಡೀ ಗುಡ್ಡ ಕಪ್ಪಾಗುತ್ತದೆ. ಹುಲ್ಲಿನ ಜೊತೆಗೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಆಸರೆ ಬೂದಿಯಾಗುತ್ತದೆ; ಎಳೆಯ ಗಿಡಗಳು ಬೇಯುತ್ತವೆ; ಬೇರಿನ ಹಿಡಿತ ಸಡಿಲಿದ ಮಣ್ಣು ಮುಂದಿನ ಮಳೆಗೆ ಕೊಚ್ಚಿಹೋಗುತ್ತದೆ. ಮಣ್ಣಿಲ್ಲದ ಗುಡ್ಡವು ನೀರನ್ನು ಹೀರಲಾರದು. ನೀರನ್ನು ಹೀರದ ಗುಡ್ಡದಲ್ಲಿ ಬುಗ್ಗೆಯು ಎಷ್ಟು ಕಾಲ ಹರಿದೀತು? ಒಂದು ಸಂಜೆಯ ಹಾಡಿಗೆ ಇದು ಬಹಳ ದುಬಾರಿಯಾದ ಬೆಲೆ.

ಬೆಂಕಿಯಿಲ್ಲದೆ ಊಟ ಹೇಗೆ ಎಂದು ಈ ಸೀಮೆಯಲ್ಲಿ ಯಾರೂ ಕೇಳಲಾರರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಉಳ್ಳಾಗಡ್ಡಿ ಇವುಗಳ ಬುತ್ತಿಯು ಎರಡು ಹೊತ್ತಿಗೆ ಕೆಡುವುದಿಲ್ಲ. ಚಳಿಗೆ ಕಂಬಳಿಯುಂಟು, ಬೆಳಕಿಗೆ ಬ್ಯಾಟರಿಯುಂಟು. ಬೆಂಕಿಯಿಲ್ಲದ ಕತ್ತಲಲ್ಲಿ ನಕ್ಷತ್ರಗಳೂ ಹೆಚ್ಚು ಕಾಣಿಸುತ್ತವೆ: ಕಾರ್ತಿಕಕ್ಕೆ ಹೆಸರಿತ್ತ ಕೃತ್ತಿಕೆಯ ಗೊಂಚಲು ಮೂಡಣದಲ್ಲಿ ಏರುವುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮರುದಿನ ಬೆಳಿಗ್ಗೆ ಡೇರೆಯನ್ನು ಮಡಚಿ, ಗೂಟದ ಕುಳಿಗಳನ್ನು ಮುಚ್ಚಿ, ಕಸವನ್ನೆಲ್ಲ ಚೀಲಕ್ಕೆ ತುಂಬಿ ಕೆಳಗಿಳಿದವರ ಹಿಂದೆ ಬಾಗಿದ ಹುಲ್ಲು ಮಾತ್ರ ಉಳಿಯಬೇಕು. ಅದು ಸಂಜೆಯೊಳಗೆ ತಾನಾಗಿ ಎದ್ದು ನಿಲ್ಲುತ್ತದೆ.