ಅಡಿಕೆ ಸುಗ್ಗಿಯ ಇರುಳಿಗೆ ಯಾವ ಪುಸ್ತಕ?

ದೀಪಾವಳಿ ಕಳೆಯಿತೆಂದರೆ ನಮ್ಮ ಮಲೆನಾಡಿನ ಕಡೆ ನಾಲ್ಕು ಜನ ಸೇರಿದಲ್ಲೆಲ್ಲ ಒಂದೇ ಮಾತು. ಕೊನೆಗಾರ ಸಿಕ್ಕಿದನೇ? ಚಪ್ಪರ ಹಾಕಿಸಿದಿರಾ? ಸುಲಿಯಲು ಎಷ್ಟು ಮಂದಿ ಬರುತ್ತಾರೆ? ಕಾಫಿ ಕಣ ಗುಡಿಸಿಯಾಯಿತೇ? ಈ ವಿಚಾರಣೆಗಳ ಜೊತೆಗೆ ಇನ್ನೊಂದನ್ನೂ ಸೇರಿಸಬೇಕೆಂದು ನಮಗೆ ಕೆಲವು ವರ್ಷಗಳಿಂದ ಅನ್ನಿಸತೊಡಗಿದೆ: ಲೈಬ್ರರಿಗೆ ಹೋಗಿ ಬಂದಿರಾ?

ಬಂಧುಗಳು ನಗಬಹುದು. ಸುಗ್ಗಿಯಲ್ಲಿ ಊಟಕ್ಕೇ ಪುರುಸೊತ್ತಿಲ್ಲ, ಇನ್ನು ಪುಸ್ತಕವೆಲ್ಲಿಂದ ಬಂತು, ಓದುವುದಿದ್ದರೆ ಮಳೆಗಾಲದಲ್ಲಿ ಓದಬೇಕು ಎನ್ನಬಹುದು. ನಮ್ಮ ಅನುಭವ ಬೇರೆ. ಮಳೆಗಾಲದಲ್ಲಿ ಹಗಲು ಕೊಳೆಔಷಧಿಯ ಚಿಂತೆ, ರಾತ್ರಿ ಕರೆಂಟಿಲ್ಲ, ಊಟವಾದೊಡನೆ ಕಂಬಳಿ ಹೊದ್ದರೆ ಮುಗಿಯಿತು. ಚಳಿಗಾಲದಲ್ಲಾದರೋ ಇರುಳು ಉದ್ದ, ಬೇಕೋ ಬೇಡವೋ ಎಚ್ಚರವಾಗಿರಲೇಬೇಕು. ಹಗಲು ಇಳಿಸಿದ ಹಸಿ ಕೊನೆಯನ್ನು ರಾತ್ರಿ ಸುಲಿಯಬೇಕು. ಹಂಡೆಯ ಕೆಳಗಿನ ಬೆಂಕಿ ನೋಡಿಕೊಳ್ಳಬೇಕು. ಕಣದಲ್ಲಿ ಹರಡಿದ ಕಾಫಿಗೆ ಕಾವಲಿರಬೇಕು. ಅಕಾಲದ ಒಂದು ಮಳೆ ಬಂದರೆ ತಾಡಪಾಲು ಎಳೆಯಲು ಯಾರಾದರೂ ಎದ್ದಿರಬೇಕಲ್ಲ. ಫೆಬ್ರವರಿ ಬಂದರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್. ಒಂದು ಸಲ ಜೆಟ್ ಬದಲಾಯಿಸಿದ ಮೇಲೆ ಇನ್ನೊಂದು ಸಲದವರೆಗೆ ಮೂರು ನಾಲ್ಕು ಗಂಟೆ ಪಂಪಿನ ಮನೆಯಲ್ಲಿ ಕೂತಿರುವುದೇ ಕೆಲಸ. ಇಷ್ಟೊಂದು ಎಚ್ಚರವನ್ನು ಬೀಡಿ ಸೇದಿ, ಮೊಬೈಲು ಉಜ್ಜಿ ಕಳೆಯುವವರೂ ಇದ್ದಾರೆ. ನಾವೂ ಕಳೆದಿದ್ದೇವೆ.

ಹಿಂದೆ ಅಡಿಕೆ ಸುಲಿಯುವ ಚಾವಡಿಯಲ್ಲಿ ಲಾಟೀನಿನ ಬೆಳಕಿಗೆ ಜೈಮಿನಿ ಭಾರತ ಓದಿಸುತ್ತಿದ್ದುದನ್ನು ನಮ್ಮ ಹಿರಿಯರು ಹೇಳುತ್ತಾರೆ. ಓದು ಬಾರದವರಿಗೂ ಪದ್ಯಗಳು ಬಾಯಿಗೆ ಬರುತ್ತಿದ್ದವಂತೆ. ಆಮೇಲೆ ರೇಡಿಯೋ ಬಂತು, ಟಿ.ವಿ. ಬಂತು, ಕೊನೆಗೆ ಸುಲಿಯುವ ಯಂತ್ರವೇ ಬಂತು. ಯಂತ್ರದ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದು, ಇನ್ನು ಭಾರತವೆಲ್ಲಿ? ಹಸಿ ಅಡಿಕೆಯನ್ನೇ ಚೇಣಿಗೆ ಕೊಟ್ಟು ಕೈ ತೊಳೆದುಕೊಂಡವರ ಮನೆಯಲ್ಲಿ ಸುಗ್ಗಿ ಬಂದದ್ದೂ ತಿಳಿಯದು.

ನಮ್ಮ ಮನೆಯಲ್ಲಿ ಓದು ಮತ್ತೆ ಶುರುವಾದದ್ದು ಆದರ್ಶಕ್ಕೆ ಕಟ್ಟುಬಿದ್ದಲ್ಲ, ಯಂತ್ರ ಕೆಟ್ಟದ್ದರಿಂದ. ನಾಲ್ಕು ವರ್ಷಗಳ ಹಿಂದೆ ಸುಗ್ಗಿ ಭರದಲ್ಲಿದ್ದಾಗ ಅದು ನಿಂತುಹೋಯಿತು. ರಿಪೇರಿಯವನು ಇವತ್ತು ನಾಳೆ ಎನ್ನುತ್ತ ಹದಿನೈದು ದಿನ ಕಳೆದ. ಅಟ್ಟದ ಮೇಲಿದ್ದ ಮೆಟ್ಟುಗತ್ತಿಗಳನ್ನು ಇಳಿಸಿ ಹರಿತ ಮಾಡಿಸಿ, ಹಳೆಯ ಸುಲಿಯುವವರನ್ನೆಲ್ಲ ಮನೆ ಮನೆಗೆ ಹೋಗಿ ಕರೆದೆವು. ಹನ್ನೊಂದು ಹೆಂಗಸರು, ಇಬ್ಬರು ಮುದುಕರು ಬಂದರು. ಒಬ್ಬಾಕೆಯ ಜೊತೆ ಒಂಬತ್ತನೆಯ ತರಗತಿಯ ಮಗಳೂ ಬಂದು ಮೂಲೆಯಲ್ಲಿ ಪಾಠ ಓದುತ್ತ ಕೂತಳು. "ಅದೇನು ಗುಣುಗುಣು ಅಂತೀಯ, ನಮಗೂ ಕೇಳೋ ಹಂಗೆ ಓದು" ಎಂದು ಮುದುಕರೊಬ್ಬರು ಗದರಿದರು. ಪಾಠದ ಪುಸ್ತಕದ ಕಥೆಗಳು ಎರಡೇ ರಾತ್ರಿಗೆ ಮುಗಿದವು. ಮೂರನೆಯ ದಿನ ನಾವು ಪಂಚಾಯತಿ ಲೈಬ್ರರಿಯ ಮೆಟ್ಟಿಲು ಹತ್ತಿದೆವು.

ಆರಿಸುವುದರಲ್ಲಿ ಮೊದಲು ಎಡವಿದ್ದು ನಮ್ಮ ಜಂಬದಿಂದ. ತರುವುದಾದರೆ ದೊಡ್ಡದನ್ನೇ ತರೋಣವೆಂದು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ತಂದೆವು. 1967ರಲ್ಲಿ ಬಂದ ಈ ಕಾದಂಬರಿಯಲ್ಲಿರುವುದು 19ನೆಯ ಶತಮಾನದ ಕೊನೆಯ ನಮ್ಮದೇ ಮಲೆನಾಡು. ಆದರೆ ಮನೆಗಳು ಹತ್ತಾರು, ಜನ ಲೆಕ್ಕವಿಲ್ಲದಷ್ಟು. "ಇವನು ಯಾವ ಮನೆಯವನು? ನಿನ್ನೆ ಬಂದವನೇ ಇವನಾ?" ಎಂಬ ಪ್ರಶ್ನೆಗಳಲ್ಲೇ ನಾಲ್ಕು ರಾತ್ರಿ ಹೋಯಿತು. ಹಿಂತಿರುಗಿಸೋಣವೆಂದುಕೊಂಡಿದ್ದೆವು. ಉಳಿಸಿದ್ದು ಗುತ್ತಿಯ ನಾಯಿ ಹುಲಿಯ. ಕತ್ತಿಯ ಮುಂದೆ ಕೂರುವ ಮೊದಲೇ "ಇವತ್ತು ನಾಯಿ ಏನು ಮಾಡ್ತದೆ?" ಎಂದು ಕೇಳತೊಡಗಿದರು. ಹುಡುಗಿ ಒಂದು ಹಾಳೆಯಲ್ಲಿ ಮನೆಗಳ ಹೆಸರನ್ನೂ ಆಯಾ ಮನೆಯವರ ಹೆಸರನ್ನೂ ಬರೆದು ಕಂಬಕ್ಕೆ ಅಂಟಿಸಿದ ಮೇಲೆ ಎಲ್ಲ ಸಲೀಸಾಯಿತು. ದಿನವೂ ಅದೇ ಜನ ಬರುವ ಮನೆಗೆ ಇದರಂಥ ಪುಸ್ತಕವಿಲ್ಲ. ಜನ ಬದಲಾಗುತ್ತಿದ್ದರೆ ಬೇಡ.

ಎರಡನೆಯದು ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು'. ಬಿಡಿ ಬಿಡಿ ಬರಹ, ಒಂದು ದಿನ ತಪ್ಪಿಸಿದವರಿಗೂ ನಷ್ಟವಿಲ್ಲ, ಮೇಲಾಗಿ ನಗು. ಈ ನಗುವೇ ತೊಂದರೆಯಾಯಿತು. ಮೆಟ್ಟುಗತ್ತಿಯ ಮುಂದೆ ಕೂತು ಮೈ ಕುಲುಕಿಸಿ ನಗಬಾರದೆಂಬುದು ನಮಗೆ ಹೊಳೆದಿರಲಿಲ್ಲ. ಇಬ್ಬರ ಬೆರಳಿಗೆ ಗಾಯವಾಯಿತು, ಅರಿಸಿನ ಮೆತ್ತಿ ಬಟ್ಟೆ ಕಟ್ಟಿದೆವು. ಅಂದಿನಿಂದ ನಗೆಬರಹಗಳನ್ನೆಲ್ಲ ಬೇಯಿಸುವ ಹಂಡೆಯ ಬಳಿಗೆ ವರ್ಗ ಮಾಡಿದ್ದೇವೆ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'ನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಲೇಖಕಿ, ಬಾಲ್ಯದಲ್ಲೇ ವಿಧವೆಯಾದ ಹೆಂಗಸೊಬ್ಬಳ ಇಡೀ ಬಾಳನ್ನು ಹೇಳುವ ಪುಸ್ತಕ ಅದು. 1976ರಲ್ಲಿ ಪ್ರಕಟವಾಗಿ, 1983ರಲ್ಲಿ ಪ್ರೇಮಾ ಕಾರಂತರ ಕೈಯಲ್ಲಿ ಸಿನಿಮಾ ಆಯಿತು. ಹುಡುಗಿ ಓದಲಾರಂಭಿಸಿದ ಮೊದಲ ರಾತ್ರಿಯೇ ಚಾವಡಿ ಸ್ತಬ್ಧ. ಮಾತಿಲ್ಲ, ಕೆಮ್ಮಿಲ್ಲ, ನೋಡಿದರೆ ಕೈಗಳೂ ನಿಂತಿವೆ. ಸುಲಿಯುವವರಿಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಅಂದು ಅಳೆದಾಗ ಒಬ್ಬೊಬ್ಬರಿಗೂ ಒಂದು ಡಬ್ಬ, ಒಂದೂವರೆ ಡಬ್ಬ ಕಡಿಮೆ. ಹುಡುಗಿಯ ತಾಯಿ ಸೀದಾ ಹೇಳಿದಳು: "ಗೌಡ್ರೇ, ಇಂಥಾ ಪುಸ್ತಕ ತಂದ್ರೆ ನಮ್ಮ ಕೂಲಿ ಕೊಡೋರು ಯಾರು?" ಉತ್ತರ ಹುಡುಕುತ್ತಿರುವಾಗಲೇ ಇನ್ನೊಬ್ಬಾಕೆ, "ಕೂಲಿ ಹೋದ್ರೆ ಹೋಗ್ಲಿ, ನಾಳೆ ಮುಂದಿಂದು ಓದ್ಸಿ" ಎಂದಳು. ಮಾತಿಗೆ ಮಾತು ಬೆಳೆಯಿತು.

ತಪ್ಪು ನಮ್ಮದೇ. ಓದಿಸಿದ ಸಂತೋಷ ಯಜಮಾನನಿಗೆ, ಅದರ ನಷ್ಟ ಸುಲಿಯುವವರಿಗೆ ಎಂದಾಗಬಾರದು. ಮರುದಿನವೇ ಕುಳಿತು ಮಾತಾಡಿ, ಆ ಪುಸ್ತಕ ಮುಗಿಯುವವರೆಗೆ ಡಬ್ಬದ ಲೆಕ್ಕ ಬಿಟ್ಟು ರಾತ್ರಿಗೆ ಇಷ್ಟೆಂದು ಗೊತ್ತುಮಾಡಿದೆವು. ನಮ್ಮ ನೆರೆಯವರು ಇದನ್ನು ಕೇಳಿ ತಲೆ ಚಚ್ಚಿಕೊಂಡರು, ಇರಲಿ. ಓದುವವಳದೂ ಇದೇ ಪ್ರಶ್ನೆ. ಅವಳಿಂದ ಸುಲಿಸುವಂತಿಲ್ಲ, ಏಕೆಂದರೆ ಚೊಗರಿನ ಕೈಯಲ್ಲಿ ಮುಟ್ಟಿದ ಪುಟದ ಕಲೆ ಜನ್ಮಕ್ಕೂ ಹೋಗದು. ಲೈಬ್ರರಿಯವರು ಕೇಳಿದರೆ ಜವಾಬು ಹೇಳುವವರು ನಾವು. ಆದ್ದರಿಂದ ಓದುವವಳಿಗೆ ಸುಲಿಯುವವರಷ್ಟೇ ಕೂಲಿ ಎಂದು ಕಟ್ಟುಮಾಡಿದ್ದೇವೆ. ಆ ದುಡ್ಡಿನಲ್ಲಿ ಅವಳು ಪರೀಕ್ಷೆ ಫೀಸು ಕಟ್ಟಿದಳು.

ಒಂಟಿಯಾಗಿ ಕಣ ಕಾಯುವವರಿಗೆ ಬೇರೆಯೇ ಪುಸ್ತಕ ಬೇಕು. ಮೂಡಿಗೆರೆಯಲ್ಲಿ ತಾವೇ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ನಮ್ಮ ಓದುಗರಲ್ಲಿ ಬಹಳ ಮಂದಿಗೆ ಗೊತ್ತಿದ್ದೀತು. 'ಚಿದಂಬರ ರಹಸ್ಯ'ದಲ್ಲಿ ಏಲಕ್ಕಿ ಏಕೆ ಹಾಳಾಯಿತೆಂದು ಹುಡುಕುವ ಕಥೆಯಿದೆ; ಬೆಳೆಗಾರನಾದವನು ಒಂದೇ ಗುಕ್ಕಿಗೆ ಓದುತ್ತಾನೆ. ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' (1976) ಪಶ್ಚಿಮ ಘಟ್ಟದ ಗಿಡಮರಗಳ ನಡುವೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಅಲೆದ ಪ್ರೊಫೆಸರರ ಬರಹ. ಬೇಲಿಯಂಚಿನಲ್ಲಿ ದಿನಾ ಕಡಿದೆಸೆಯುವ ಗಿಡಕ್ಕೂ ಒಂದು ಹೆಸರು, ಒಂದು ಚರಿತ್ರೆ ಇದೆಯೆಂದು ನಮಗೆ ತಿಳಿದದ್ದು ಅದರಿಂದ. ಕೆನೆತ್ ಆಂಡರ್ಸನ್ನನ ನರಭಕ್ಷಕ ಹುಲಿಗಳ ಕಥೆಗಳನ್ನು ಮಾತ್ರ ರಾತ್ರಿ ಎರಡು ಗಂಟೆಗೆ ಕಣದಲ್ಲಿ ಒಬ್ಬರೇ ಕೂತು ಓದಬೇಡಿ. ನಾವು ಓದಿ, ಮನೆಯವರನ್ನೆಲ್ಲ ಎಬ್ಬಿಸಿದ್ದೆವು. ಬಂದದ್ದು ಪಕ್ಕದ ಮನೆಯ ಎಮ್ಮೆ.

ಇನ್ನು ಕಾರಂತರ 'ಬೆಟ್ಟದ ಜೀವ'. 1943ರ ಪುಸ್ತಕ, ದೊಡ್ಡದೇನಲ್ಲ. ಸುಬ್ರಹ್ಮಣ್ಯದ ಸುತ್ತಣ ಕಾಡಿನಲ್ಲಿ ತೋಟ ಎಬ್ಬಿಸಿದ ಗೋಪಾಲಯ್ಯ, ಅವರ ಹೆಂಡತಿ ಶಂಕರಿ, ಮನೆ ಬಿಟ್ಟುಹೋದ ಮಗ. ನಮ್ಮ ಕೆಳಗಿನ ಮನೆಯಲ್ಲಿ ಇಬ್ಬರೇ ಇರುವ ಅಜ್ಜ ಅಜ್ಜಿ ಇದ್ದಾರೆ. ಎರಡೆಕರೆ ಅಡಿಕೆ, ಒಂದೆಕರೆ ಕಾಫಿ. ಮಗ ಬೆಂಗಳೂರಿನಲ್ಲಿ, ಹಬ್ಬಕ್ಕೆ ಬರುತ್ತಾನೆ, ಕೆಲವು ಹಬ್ಬಕ್ಕೆ ಬರುವುದಿಲ್ಲ. ಅಜ್ಜನಿಗೆ ಕಣ್ಣಿನ ಪೊರೆ ಬಲಿತಿದೆ. ಕಳೆದ ಚಳಿಗಾಲ ಅವರ ಒಂದಿಷ್ಟು ಅಡಿಕೆ ಸುಲಿಯಲು ಹೋದಾಗ, ತೋಟದ ಕಥೆ, ಅಜ್ಜನಿಗೆ ಇಷ್ಟವಾದೀತೆಂದು ಇದೇ ಪುಸ್ತಕ ಒಯ್ದೆವು. ಮಗನ ವಿಷಯ ಬರುತ್ತದೆಂಬುದು ಓದಲು ಕುಳಿತ ಮೇಲೆ ನೆನಪಾಯಿತು. ಆ ಭಾಗ ಬಂದಾಗ ಎರಡು ಪುಟ ಹಾರಿಸಲು ನೋಡಿದೆವು. ಅಜ್ಜ ಅಡಿಕೆ ಬಿಟ್ಟು ತಲೆಯೆತ್ತಿ, "ಅಲ್ಲಿ ಏನೋ ಬಿಟ್ಟೆಯಲ್ಲ, ಅದನ್ನೂ ಓದು" ಎಂದರು. ಓದಿದೆವು. ಅಜ್ಜಿ ಒಲೆಗೆ ಕಟ್ಟಿಗೆ ಹಾಕಲೆಂದು ಒಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಬಂದಾಗ ಎಲ್ಲರಿಗೂ ಕಷಾಯ ತಂದಿದ್ದರು. ಮಾರನೆಯ ಸಂಜೆ ಅವರೇ ಆಳು ಕಳಿಸಿ, ಪುಸ್ತಕ ತರುವುದು ಮರೆಯಬೇಡಿ ಎಂದು ಹೇಳಿಸಿದರು. ಆ ಪುಸ್ತಕ ಒಯ್ದದ್ದು ಸರಿಯೋ ತಪ್ಪೋ ಎಂಬುದು ನಮ್ಮಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ತರುವಾಗ ನೋಡಬೇಕಾದ ಸಂಗತಿಗಳು ಹೆಚ್ಚಿಲ್ಲ. ಅಕ್ಷರ ದಪ್ಪವಿರಲಿ, ಚಾವಡಿಯ ಬಲ್ಬಿಗೆ ಕಾಣಬೇಕು. ಮೊದಲ ಪುಟವನ್ನು ಲೈಬ್ರರಿಯಲ್ಲೇ ಬಾಯಿಬಿಟ್ಟು ಓದಿ ನೋಡಿ; ಕಣ್ಣಿಗೆ ಸೊಗಸಾಗಿರುವ ವಾಕ್ಯ ಬಾಯಿಗೆ ತೊಡರುವುದುಂಟು. ಮುಖ್ಯವಾಗಿ ಕೊನೆಯ ಪುಟಗಳು ಇವೆಯೇ ಎಂದು ತಿರುವಿ ನೋಡಿ. ನಾವು ನೋಡದೆ ತಂದ ಪತ್ತೇದಾರಿ ಕಾದಂಬರಿಯೊಂದರಲ್ಲಿ ಕೊನೆಯ ಹದಿನಾರು ಪುಟ ಇರಲಿಲ್ಲ. ಕೊಂದವನು ಯಾರೆಂದು ತಿಳಿಯಲು ತಾಲ್ಲೂಕು ಲೈಬ್ರರಿಗೆ ಬಸ್ಸು ಹತ್ತಬೇಕಾಯಿತು. ಮನೆಗೆ ತಂದದ್ದನ್ನು ಇಬ್ಬನಿಯಲ್ಲಿ ಬಿಡಬೇಡಿ, ಔಷಧಿ ಇಡುವ ಕೋಣೆಯಲ್ಲಂತೂ ಇಡಲೇಬೇಡಿ.

ಲೈಬ್ರರಿ ಸರಕಾರದ್ದೆಂದು ಹಿಂಜರಿಯುವ ಕಾರಣವಿಲ್ಲ. ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ. ನಾವು ಕಟ್ಟುವ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 2019ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಆದ್ದರಿಂದ ಬೇಕಾದ ಪುಸ್ತಕವಿಲ್ಲದಿದ್ದರೆ ಗ್ರಾಮಸಭೆಯಲ್ಲೇ ಎದ್ದು ಕೇಳಬಹುದು. ರಸ್ತೆ, ಚರಂಡಿಗಳ ಜೊತೆ ಕಾದಂಬರಿ ಕೇಳಿದಾಗ ಮೊದಲು ಎಲ್ಲರೂ ನಕ್ಕರು. ಅರ್ಜಿ ಮಾತ್ರ ತೆಗೆದುಕೊಂಡರು.

ಓದುತ್ತಿದ್ದ ಹುಡುಗಿ ಈಗ ಕಾಲೇಜಿಗೆಂದು ಶಿವಮೊಗ್ಗದಲ್ಲಿದ್ದಾಳೆ. ಈ ಸುಗ್ಗಿಗೆ ಅವಳ ತಮ್ಮ ಬರುತ್ತಾನೆ, ಏಳನೆಯ ತರಗತಿ. ಅವಸರದ ಓದು, ಸಾಲು ನುಂಗುತ್ತಾನೆ. ಹಾರುವ ಓತಿಯ ಆಸೆಗಾದರೂ ನಿಧಾನಿಸಿಯಾನೆಂದು ಅವನಿಗೆ 'ಕರ್ವಾಲೊ' ತಂದಿಟ್ಟಿದ್ದೇವೆ. ಯಂತ್ರ ರಿಪೇರಿಯಾಗಿದೆ, ಕೊಟ್ಟಿಗೆಯ ಮೂಲೆಯಲ್ಲಿದೆ. ಚಪ್ಪರ ಹಾಕುವವರು ನಾಳೆ ಬರುತ್ತಾರೆ.