ಹಳೇ ಗಾಡಿಗೆ ಕ್ಲಚ್ ಪೈಪ್ ಸಿಗವಲ್ದಾ? ಬೇರೆ ಮಾಡಿಸುವ ಮುನ್ನ ಇದನ್ನೊಮ್ಮೆ ಓದಿ

ಧುಪದಾಳ: ಲಗ್ನದ ಬಾಡಿಗೆ ಒಪ್ಪಿಕೊಂಡ ಗಾಡಿ. ನಸುಕಿನಲ್ಲಿ ಎದ್ದು ಕ್ಲಚ್ ತುಳಿದರೆ ಪೆಡಲ್ ಸೀದಾ ಕೆಳಗೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಗೇರ್ ಬೀಳವಲ್ದು, ರಿವರ್ಸ್ ಹಾಕಿದರೆ ಗರ್ ಅಂತ ಸಪ್ಪಳ. ಮಿಸ್ತ್ರಿ ಗಾಡಿ ಕೆಳಗೆ ಹೊಕ್ಕು ನೋಡಿ ‘ಪೈಪ್ ಒಡದೈತ್ರಿ’ ಅಂತಾರೆ. ಅಂಗಡಿಗೆ ಹೋದರೆ ‘ಈ ಗಾಡೀದು ಈಗ ಬರೂದಿಲ್ರಿ’ ಅನ್ನೋ ಉತ್ತರ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಳೇ ಗಾಡಿ ಇಟ್ಟುಕೊಂಡವರಿಗೆ ಇದು ಹೊಸ ಮಾತಲ್ಲ. ಶೆವರ್ಲೆ ಗಾಡಿಗಳ ಮಾರಾಟ ಭಾರತದಲ್ಲಿ ನಿಂತಿದ್ದು 2017ರಲ್ಲಿ. ಟಾಟಾ ಸುಮೋ ನಿಂತಿದ್ದು 2019ರಲ್ಲಿ. ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ ಹೇಳಿದ್ದು 2021ರಲ್ಲಿ. ಗಾಡಿಗಳು ಇನ್ನೂ ಓಡುತ್ತಿವೆ, ಸಾಮಾನು ಮಾತ್ರ ಬೇಕೆಂದಾಗ ಸಿಗುವುದಿಲ್ಲ. ಆಗ ಉಳಿಯುವ ದಾರಿ ಅಳತೆ ಕೊಟ್ಟು ಪೈಪ್ ಮಾಡಿಸುವುದು. ಅದು ಆಗುವ ಕೆಲಸವೇ, ಆದರೆ ಒಂದು ತಪ್ಪಿಗೆ ಜಾಗ ಇದೆ.

ಈ ಪೈಪಿನ ಕೆಲಸ ಏನು?

ಮಾರುತಿ 800, ಓಮ್ನಿಯಂಥ ಗಾಡಿಗಳಲ್ಲಿ ಕ್ಲಚ್ ಎಳೆಯುವುದು ವಾಯರ್. ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಯಲ್ಲಿ ಆ ಕೆಲಸ ಆಯಿಲ್ ಮಾಡುತ್ತದೆ. ಪೆಡಲ್ ತುಳಿದರೆ ಮೇಲಿನ ಸಿಲಿಂಡರ್ ಆಯಿಲ್ ಒತ್ತುತ್ತದೆ, ಪೈಪಿನೊಳಗಿಂದ ಆ ಒತ್ತಡ ಗೇರ್ ಬಾಕ್ಸ್ ಹತ್ತಿರದ ಕೆಳಗಿನ ಸಿಲಿಂಡರ್‌ಗೆ ಮುಟ್ಟಿ ಕ್ಲಚ್ ಬಿಡಿಸುತ್ತದೆ. ಸಾಮಾನ್ಯವಾಗಿ ಪೈಪಿನ ಒಂದು ಭಾಗ ಕಬ್ಬಿಣದ್ದು, ಇಂಜಿನ್ ಅಲುಗಾಡುವ ಕಡೆ ರಬ್ಬರ್ ಹೋಸ್. ಕಬ್ಬಿಣ ತುಕ್ಕು ಹಿಡಿದು ತೂತಾಗುತ್ತದೆ, ರಬ್ಬರ್ ವಯಸ್ಸಾಗಿ ಬಿರಿಯುತ್ತದೆ, ಇಲ್ಲವೇ ತುಳಿದಾಗ ಉಬ್ಬುತ್ತದೆ.

ಮೊದಲು ಖಾತ್ರಿ ಮಾಡಿಕೊಳ್ಳಿ

ಪೆಡಲ್ ಬಿದ್ದ ಮಾತ್ರಕ್ಕೆ ಪೈಪೇ ಹೋಗಿದೆ ಅಂತಲ್ಲ. ಗಾಡಿ ಒಳಗೆ ಪೆಡಲ್ ಹತ್ತಿರ ಹಸಿ ಇದ್ದರೆ ಮೇಲಿನ ಸಿಲಿಂಡರ್, ಗೇರ್ ಬಾಕ್ಸ್ ಕಡೆ ಸೋರಿದ್ದರೆ ಕೆಳಗಿನ ಸಿಲಿಂಡರ್ ಮೇಲೆ ಸಂಶಯ. ಎಲ್ಲೂ ಸೋರದೆ ಪೆಡಲ್ ಮೆತ್ತಗಾಗಿದ್ದರೆ ಏರ್ ಹಿಡಿದಿರಬಹುದು, ಇಲ್ಲವೇ ಮೇಲಿನ ಸಿಲಿಂಡರಿನ ವಾಷರ್ ಸವೆದಿರಬಹುದು. ಒಬ್ಬರು ತುಳಿಯುವಾಗ ಇನ್ನೊಬ್ಬರು ಬ್ಯಾಟರಿ ಹಿಡಿದು ಪೈಪ್ ಉದ್ದಕ್ಕೂ ನೋಡಿದರೆ ತಿಳಿಯುತ್ತದೆ.

ಜೆಸಿಬಿ ಹೋಸ್ ಯಾಕೆ ಬೇಡ?

ಟ್ರಾಕ್ಟರ್, ಜೆಸಿಬಿ ಹೋಸ್ ಒತ್ತಿಕೊಡುವ ಅಂಗಡಿಗಳು ನಮ್ಮ ಭಾಗದಲ್ಲಿ ಉಂಟು. ‘ಅಷ್ಟು ಪ್ರೆಶರ್ ತಡಕೊಳ್ಳೂ ಹೋಸ್, ಕಾರಿಗೆ ಸಾಲೂದಿಲ್ಲೇನು?’ ಅನ್ನುವ ಲೆಕ್ಕ ಬಹಳ ಮಂದಿಯದು. ತಪ್ಪಾಗುವುದು ಇಲ್ಲೇ. ಪ್ರಶ್ನೆ ಬರೀ ಪ್ರೆಶರಿಂದಲ್ಲ, ಒಳಗೆ ಹರಿಯುವ ಆಯಿಲಿಂದು.

ಜೆಸಿಬಿಯಲ್ಲಿ ಇರುವುದು ಪೆಟ್ರೋಲಿಯಂ ಆಯಿಲ್, ಅದರ ಹೋಸಿನ ಒಳಗಿನ ರಬ್ಬರ್ ಅದಕ್ಕೆ ತಕ್ಕದ್ದು. ಬಹುತೇಕ ಕಾರುಗಳ ಕ್ಲಚ್‌ನಲ್ಲಿ ಇರುವುದು ಬ್ರೇಕ್ ಆಯಿಲ್, ಅಂದರೆ ಡಾಟ್ 3 ಅಥವಾ ಡಾಟ್ 4. ಇದು ಬೇರೆ ಜಾತಿಯ ದ್ರವ. ಜೆಸಿಬಿ ಹೋಸಿನ ರಬ್ಬರಿಗೆ ಇದು ತಾಗಿದರೆ ರಬ್ಬರ್ ಉಬ್ಬಿ, ಮೆತ್ತಗಾಗಿ, ಚೂರು ಕಿತ್ತು ಸಿಲಿಂಡರಿಗೆ ಸೇರುತ್ತದೆ. ಹಾಕಿದ ದಿನ ಚಲೋ ನಡೆಯುತ್ತದೆ, ಕೈಕೊಡುವುದು ಆಮೇಲೆ.

ಆದ್ದರಿಂದ ಅಂಗಡಿಗೆ ಹೋದ ಕೂಡಲೇ ‘ಬ್ರೇಕ್ ಆಯಿಲಿಗೆ ನಡೆಯೂ ಹೋಸ್ ಬೇಕ್ರಿ’ ಅಂತ ಹೇಳಬೇಕು. ಅಂಗಡಿಯವರೂ ಯಾವ ಆಯಿಲ್ ಅಂತ ಕೇಳಿಯೇ ಒತ್ತಿಕೊಡಬೇಕು. ಹೋಸಿನ ಮೇಲೆ ಎಸ್‌ಎಇ ಜೆ1401 ಎಂಬ ಗುರುತು ಇದ್ದರೆ ಅದು ಬ್ರೇಕ್ ಆಯಿಲಿನ ಹೋಸ್. ಒಳಗೆ ಟೆಫ್ಲಾನ್, ಹೊರಗೆ ಸ್ಟೀಲ್ ಜಾಳಿಗೆ ಇರುವ ಹೋಸೂ ನಡೆಯುತ್ತದೆ.

ಮಾಡಿಸುವಾಗ ಏನು ನೋಡಬೇಕು?

ಹಳೇ ಪೈಪ್ ಎಸೆಯಬೇಡಿ, ಪೂರ್ತಿ ಬಿಚ್ಚಿ ಒಯ್ಯಿರಿ. ಹೈಡ್ರಾಲಿಕ್ ಸಾಮಾನಿನ ತಯಾರಿಕೆಗೆ ಹೆಸರಾದ ಬೆಳಗಾವಿ ನಮಗೆ ದೂರವಲ್ಲ, ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಆಯಿತು. ಉದ್ದ, ದಪ್ಪ, ಎರಡೂ ತುದಿಯ ಥ್ರೆಡ್ ಹಳೇದಕ್ಕೆ ಹೊಂದಬೇಕು. ಒಂದು ಅಳತೆಯ ನಟ್ ಇನ್ನೊಂದಕ್ಕೆ ಎರಡು ಸುತ್ತು ಹತ್ತಿ ಕೂರುತ್ತದೆ, ಜೋರು ಮಾಡಿದರೆ ಸಿಲಿಂಡರಿನ ಥ್ರೆಡ್ಡೇ ಹಾಳು. ಪೈಪಿನ ತುದಿ ಅಗಲಿಸುವುದರಲ್ಲೂ ಎರಡು ಮೂರು ತರ ಇವೆ. ಬೇರೆ ತರದ್ದು ಎಷ್ಟು ಬಿಗಿ ಮಾಡಿದರೂ ಸೋರುತ್ತದೆ.

ಫ್ರಿಜ್, ಎಸಿಯ ತಾಮ್ರದ ಪೈಪ್ ಬೇಡ. ಅಲುಗಾಟಕ್ಕೆ ತಾಮ್ರ ಗಡಸಾಗಿ ಸೀಳುತ್ತದೆ. ಸ್ಟೀಲ್ ಅಥವಾ ತಾಮ್ರ-ನಿಕಲ್ ಮಿಶ್ರಣದ ಬ್ರೇಕ್ ಪೈಪನ್ನೇ ಕೇಳಿ. ತಂತಿ ಸುತ್ತಿ, ಕ್ಲಿಪ್ ಬಿಗಿದು ಜೋಡಿಸುವುದಂತೂ ಬೇಡವೇ ಬೇಡ. ಜೋಡಿಸುವಾಗ ಸೈಲೆನ್ಸರ್ ಪೈಪಿಗೆ ತಾಗದಂತೆ, ಇಂಜಿನ್ ಅಲುಗಾಡಿದರೂ ಹೋಸ್ ಜಗ್ಗದಂತೆ ಇರಲಿ. ತಾಮ್ರದ ವಾಷರ್ ಇದ್ದರೆ ಹೊಸದೇ ಹಾಕಿಸಿ.

ಏರ್ ತೆಗೆಯದಿದ್ದರೆ ಕೆಲಸ ಅರ್ಧ

ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪಿನಲ್ಲಿ ಗಾಳಿ ಉಳಿದರೆ ತುಳಿದ ಬಲವೆಲ್ಲ ಅದರಲ್ಲೇ ಮುಗಿಯುತ್ತದೆ. ಒಬ್ಬರು ಪೆಡಲ್ ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗಿನ ನಿಪ್ಪಲ್ ಸಡಿಲ ಮಾಡಿ, ಗುಳ್ಳೆ ಬಿಟ್ಟು, ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವ ತನಕ ಇದೇ ಕೆಲಸ. ನಡುವೆ ಡಬ್ಬಿ ಖಾಲಿಯಾಗಬಾರದು.

ಯಾವ ಆಯಿಲ್ ಎಂಬುದು ಡಬ್ಬಿಯ ಮುಚ್ಚಳದ ಮೇಲೆ ಬರೆದಿರುತ್ತದೆ, ಅದನ್ನೇ ಹಾಕಿ. ಇಂಜಿನ್ ಆಯಿಲ್ ಹಾಕಿದರೆ ವಾಷರ್‌ಗಳೆಲ್ಲ ಉಬ್ಬಿ ಹೋಗುತ್ತವೆ. ಸೀಲ್ ಒಡೆದು ಬಹಳ ದಿನ ಇಟ್ಟ ಬಾಟಲಿಯೂ ಬೇಡ, ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಿರಿ.

ಬ್ರೇಕಿಗೂ ಸಂಬಂಧ ಉಂಟು

ಹಲವು ಕಾರುಗಳಲ್ಲಿ ಕ್ಲಚ್‌ಗೂ ಬ್ರೇಕಿಗೂ ಆಯಿಲ್ ಡಬ್ಬಿ ಒಂದೇ. ಬ್ರೇಕಿಗೆ ಒಂದಿಷ್ಟು ಆಯಿಲ್ ಉಳಿಯುವಂತೆ ಡಬ್ಬಿ ಮಾಡಿರುತ್ತಾರೆ ನಿಜ, ಆದರೆ ಅದನ್ನೇ ನಂಬಿ ಮಂದಿ ಕೂರಿಸಿಕೊಂಡು ಹೋಗುವಂತಿಲ್ಲ. ಕ್ಲಚ್ ಸೋರುತ್ತಿದೆ ಅಂತ ತಿಳಿದ ಮೇಲೆ ‘ಇದೊಂದು ಬಾಡಿಗೆ ಮುಗಿಸೂಣು’ ಅನ್ನಬೇಡಿ.

ಹೊಸ ಪೈಪ್ ಹಾಕಿದ ಮೇಲೆ ಪೆಡಲ್ ಜೋರಾಗಿ ತುಳಿದು ಒಂದು ನಿಮಿಷ ಹಿಡಿದು, ಜೋಡಣೆಗಳಿಗೆ ಒಣ ಕಾಗದ ಒತ್ತಿ ನೋಡಿ. ಡಬ್ಬಿಯ ಮಟ್ಟಕ್ಕೆ ಗುರುತು ಹಾಕಿ, ಒಂದು ವಾರ ದಿನಾ ಮುಂಜಾನೆ ನೋಡಿ. ಮಟ್ಟ ಇಳಿಯದಿದ್ದರೆ ದೂರದ ಬಾಡಿಗೆ ಒಪ್ಪಿಕೊಳ್ಳಬಹುದು. ಇಳಿದರೆ ಗಾಡಿ ಮತ್ತೆ ಗ್ಯಾರೇಜಿಗೆ.