84 ನೋಟ್‌ಬುಕ್, 60 ಪೆನ್ನು: ಎಷ್ಟು ಮಕ್ಕಳಿಗೆ?

ಪ್ರಶ್ನೆ: ನಮ್ಮೂರ ಶಾಲೆಗೆ ಕೊಡಲು 84 ನೋಟ್‌ಬುಕ್, 60 ಪೆನ್ನು ತಂದಿದ್ದೇವೆ. ಒಂದೂ ಮಿಗದಂತೆ, ಎಲ್ಲರಿಗೂ ಸಮನಾಗಿ, ಹೆಚ್ಚೆಂದರೆ ಎಷ್ಟು ಮಕ್ಕಳಿಗೆ ಹಂಚಬಹುದು? – ಓದುಗರೊಬ್ಬರು, ಮಧುಗಿರಿ

ಉತ್ತರ: ಹನ್ನೆರಡು ಮಕ್ಕಳಿಗೆ. ತಲಾ 7 ನೋಟ್‌ಬುಕ್, 5 ಪೆನ್ನು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳೆಲ್ಲ ಶಾಲೆಯಲ್ಲಿ ಇದನ್ನು ಮ.ಸಾ.ಅ. ಎಂದು ಕಲಿಯುತ್ತಾರೆ, ಅಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಅಪವರ್ತನಗಳ ಉದ್ದನೆ ಪಟ್ಟಿ ಬರೆಯುವುದು ನನಗಂತೂ ಬೇಸರದ ಕೆಲಸ. ಕಳೆಯುತ್ತಾ ಹೋಗಿ: 84ರಲ್ಲಿ 60 ಹೋದರೆ 24. 60ರಲ್ಲಿ ಎರಡು ಸಲ 24 ಕಳೆದರೆ 12. 24ರಲ್ಲಿ 12 ಎರಡು ಸಲ ಹೋಗಿ ಏನೂ ಉಳಿಯುವುದಿಲ್ಲ. ಉತ್ತರ 12. ಎರಡು ಸಂಖ್ಯೆಗಳನ್ನೂ ನಿಶ್ಶೇಷವಾಗಿ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಲೇಬೇಕು, ಗುಟ್ಟು ಅಷ್ಟೇ. ಯೂಕ್ಲಿಡ್ ಇದನ್ನು ಎರಡು ಸಾವಿರ ವರ್ಷಕ್ಕೂ ಹಿಂದೆ ಬರೆದಿಟ್ಟ. 499ರ ಆರ್ಯಭಟೀಯದ 'ಕುಟ್ಟಕ' ಎಂಬ ಲೆಕ್ಕದ ವಿಧಾನದಲ್ಲೂ ಇದೇ ಸರಣಿ ಭಾಗಾಕಾರವಿದೆ. ಮ.ಸಾ.ಅ.ದ ಜೋಡಿಯಾದ ಲ.ಸಾ.ಅ.ವನ್ನು, ಅಂದರೆ ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು, ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ 'ನಿರುದ್ಧ' ಎಂದು ಕರೆದ.

ಹನ್ನೆರಡೇ ಆಗಬೇಕೆಂದಿಲ್ಲ. 12ನ್ನು ಭಾಗಿಸುವ 6, 4, 3, 2 ಮಕ್ಕಳಿದ್ದರೂ ಲೆಕ್ಕ ಸರಿಹೋಗುತ್ತದೆ. ಆದರೆ ಯಾರಾದರೂ ದಾನಿಗಳು 90 ಪೆನ್ಸಿಲ್ ಸೇರಿಸಿದರೆ ಮಿತಿ 6ಕ್ಕೆ ಇಳಿಯುತ್ತದೆ. ಇನ್ನು ಪೆನ್ಸಿಲ್ ಬಿಟ್ಟು ಒಂದೇ ಒಂದು ಪೆನ್ನು ಹೆಚ್ಚಾಗಿ 61 ಆಯಿತೋ, 84ಕ್ಕೂ 61ಕ್ಕೂ ಒಂದರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲ: ಎಲ್ಲವನ್ನೂ ಒಬ್ಬನಿಗೇ ಕೊಡಬೇಕಾದೀತು!